ಊರೊಳಗೇ ಸುತ್ತುವವರು

ಜೂನ್ 11, ಮಂಗಳವಾರ

ನನ್ನ ಕೆಲಸ ಏನೆಂದು ಗೋವಿಂದಮ್ಮನಿಗೆ ವಿವರಿಸಲು ಹೋಗಿ ಇವತ್ತು ಸೋತೆ. ಅವರು ಮನೆಯ ಒಡತಿ. ಅವರ ಮಹಡಿಯ ಕೋಣೆಯಲ್ಲಿ ನಾನೂ ನನ್ನ ಕಂಪ್ಯೂಟರೂ ಬಾಡಿಗೆಗಿದ್ದೇವೆ.

“ಇದರೊಳಗೆ ಒಂದು ಕೊಳ್ಳೇಗಾಲ ಕಟ್ಟಿದ್ದೀನಮ್ಮ. ಹನೂರು, ಯಳಂದೂರು, ರಾಮಾಪುರ, ಎಲ್ಲ ಇದೆ. ಒಳಗೆ ಏಜೆಂಟುಗಳು ಓಡಾಡ್ತಾರೆ” ಅಂದೆ.

“ಇನ್ಸೂರೆನ್ಸ್ ಏಜೆಂಟಾ? ಅವ್ರ ಕಾಟ ಒರ್ಗಡೇನೇ ಸಾಕಾಗಿದೆಯಲ್ಲವ್ವ” ಅಂದರು.

ಇನ್ಸೂರೆನ್ಸಲ್ಲ, ಸುಳ್ಳು ಜನ. ಪ್ರತಿಯೊಬ್ಬರಿಗೂ ಒಂದು ಮನೆ, ಒಂದು ಕೆಲಸ, ಹೊರಡುವ ಹೊತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ದಿನ ಓಡಿಸುತ್ತೇನೆ. ಹೊತ್ತಿಗೆ ತಲುಪಿದವರಿಗೆ ಅಂಕ ಹೆಚ್ಚು, ತಡವಾದವರಿಗೆ ಕಡಿಮೆ. ಮತ್ತೆ ಅದೇ ದಿನ ಓಡಿಸಿದರೆ, ಅಂಕ ಕಳೆದುಕೊಂಡವರಲ್ಲಿ ಕೆಲವರು ಬೇರೆ ದಾರಿ ಹಿಡಿಯುತ್ತಾರೆ, ಕೆಲವರು ಬಸ್ಸು ಬಿಟ್ಟು ಬೈಕು ಹತ್ತುತ್ತಾರೆ. ಹೀಗೆ ನೂರಾರು ಸಲ ಓಡಿಸಿದ ಮೇಲೆ ಊರು ಒಂದು ಹದಕ್ಕೆ ಬರುತ್ತದೆ. ಆಮೇಲೆ ಇಲ್ಲೊಂದು ಬಸ್ಸು ತೆಗೆದು, ಅಲ್ಲೊಂದು ರಸ್ತೆ ಮುಚ್ಚಿ, ಏನಾಗುತ್ತದೆಂದು ನೋಡಬಹುದು. ಯಾರಿಗೂ ನೋವಿಲ್ಲ.

ಬೆಳಿಗ್ಗೆ ಕೊಳ್ಳೇಗಾಲದ ಬಸ್ ನಿಲ್ದಾಣದ ಸುತ್ತ ನೊಣ ನುಗ್ಗಲೂ ಜಾಗವಿರುವುದಿಲ್ಲ. ಬರುವ ಪ್ರೈವೇಟ್ ಬಸ್ಸುಗಳಲ್ಲಿ ಯಾವುದು ಬೇಡ ಎಂದು ಹೇಳಬೇಕಾದವಳು ನಾನು.

ಇವತ್ತು ಅಕ್ಕನ ದಿನ. ಮಂಗಳವಾರ, ಶುಕ್ರವಾರ ಪ್ರೇಮಕ್ಕ ಹುಣಸೆದೊಡ್ಡಿಯಲ್ಲಿ ಮೊದಲ ಬಸ್ಸು ಹತ್ತಿ, ರಾಮಾಪುರ, ಹನೂರು ದಾಟಿ ಇಲ್ಲಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾಳೆ. ಎರಡು ಕಿಡ್ನಿಯೂ ಕೈಕೊಟ್ಟು ವರ್ಷದ ಮೇಲಾಯಿತು. ಅವ್ವ ತೀರಿಕೊಂಡ ಮೇಲೆ ಯಳಂದೂರಿನ ಮನೆಯಲ್ಲಿ ನನಗೆ ಜಡೆ ಹಾಕಿ, ಮುದ್ದೆ ತಿನ್ನಿಸಿ ಸ್ಕೂಲಿಗೆ ಅಟ್ಟಿದವಳು ಅವಳೇ. ಮೈಸೂರಿನ ಆಫೀಸಿನಲ್ಲಿ ಈ ಕೆಲಸ ಬೇಕೆಂದು ಕೇಳಿ ಪಡೆದದ್ದು ಅವಳಿಗಾಗಿ. ಅದನ್ನು ಅವಳಿಗೆ ಹೇಳಿಲ್ಲ, ಕೊಬ್ಬುತ್ತಾಳೆ.

ಜೂನ್ 20, ಗುರುವಾರ

ಫಲಿತಾಂಶ ಬಂತು. ಬೇಡವಾದ ಬಸ್ಸುಗಳಲ್ಲಿ ಮೊದಲನೆಯದು ಹುಣಸೆದೊಡ್ಡಿಯ ಮೊದಲ ಬಸ್ಸು.

ಮೂರು ಸಲ ಓಡಿಸಿ ನೋಡಿದೆ. ಮೂರು ಸಲವೂ ಅದು ಖಾಲಿಯೇ ಬಂತು. ಪರದೆಯಲ್ಲಿ ಹುಣಸೆದೊಡ್ಡಿಯನ್ನು ದೊಡ್ಡದು ಮಾಡಿ ನೋಡಿದರೆ, ನನ್ನ ಸುಳ್ಳು ಜನರ ಚುಕ್ಕಿಗಳೆಲ್ಲ ಬೆಳಿಗ್ಗೆ ಎದ್ದು ಊರೊಳಗೇ ಸುತ್ತುತ್ತಿವೆ. ಒಬ್ಬರೂ ಬಸ್ಸು ಹತ್ತುವುದಿಲ್ಲ. ಭಾವನ ಊರಿನವರಿಗೆ ಇಂಥ ಚಟವಿದೆಯೆಂದು ಗೊತ್ತಿರಲಿಲ್ಲ, ನಗು ಬಂತು.

ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಮಾರ್ಚಿನಲ್ಲಿ ನಮ್ಮ ಹುಡುಗಿಯರು ಟ್ಯಾಬ್ ಹಿಡಿದು ಪ್ರತಿ ಊರಿನ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಹೊರಟವರನ್ನೆಲ್ಲ ಕೇಳಿದ್ದಾರೆ: ಎಲ್ಲಿಗೆ, ಯಾತಕ್ಕೆ, ಯಾವುದರಲ್ಲಿ. ಪ್ರಶ್ನೆ ಬರೆದವಳು ನಾನೇ. ಆ ಬಸ್ಸಿನ ಕಂಡಕ್ಟರ್ ನಟರಾಜು ದುಡ್ಡು ಈಸಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾನೆ, ಟಿಕೆಟ್ ಹರಿಯುವ ಅಭ್ಯಾಸವಿಲ್ಲ. ಹಾಗಾಗಿ ಬೇರೆ ದಾಖಲೆಯೂ ಇಲ್ಲ. ಇರುವುದು ನನ್ನ ಸರ್ವೆ ಒಂದೇ.

ಅದರಲ್ಲಿ ಅಕ್ಕ ಬರುತ್ತಾಳೆಂದು ನನಗೆ ಗೊತ್ತು. ಒಬ್ಬಳಿಗಾಗಿ ಒಂದು ಬಸ್ಸು ಉಳಿಸಲು ಆಗುತ್ತದೆಯೇ? ಚುಕ್ಕಿಗಳನ್ನು ಕೈಯಿಂದ ಹಾಕಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ನಾನು ಅಂಥವಳಲ್ಲ. ತನ್ನವರಿಗೊಂದು ಲೆಕ್ಕ, ಊರವರಿಗೊಂದು ಲೆಕ್ಕ ಎನ್ನುವವರನ್ನು ಕಂಡರೆ ನನಗೆ ಮೈಯುರಿ.

ಜೂನ್ 21, ಶುಕ್ರವಾರ

ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ಕೂತಿದ್ದೆ. ಮೆಷಿನ್ನಿನ ಸದ್ದಿಗೆ ಅವಳು ತೂಕಡಿಸುತ್ತಿದ್ದಳು. ಕೈ ತಣ್ಣಗಿತ್ತು.

“ಬಸ್ಸಲ್ಲಿ ಸುಸ್ತಾಗಲ್ವಾ?” ಅಂದೆ.

“ಕಿಟ್ಕಿ ತಾವು ಸೀಟ್ ಬುಡ್ತಾರೆ ಕಣಮ್ಮಿ. ಸೆರ್ಗೊದ್ದು ಮಲಿಕಂಡು ಬಂದ್ಬುಡ್ತೀನಿ.”

ಖಾಲಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಗುವುದು ದೊಡ್ಡ ಮಾತೇ? ಬಸ್ಸಿನಲ್ಲಿ ಎಷ್ಟು ಜನ ಇರುತ್ತಾರೆಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ಸ್ವಂತದವರ ಮಾತು ಲೆಕ್ಕಕ್ಕೆ ಬರಬಾರದು. ವರದಿಯ ಸುದ್ದಿಯನ್ನೂ ಹೇಳಲಿಲ್ಲ. ತೆಗೆದರೂ ಒಂಬತ್ತಕ್ಕೆ ರಾಮಾಪುರದಿಂದ ಬೇರೆ ಬಸ್ಸಿದೆ. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಸರದಿ ಕೇಳಿದರಾಯಿತು.

ಜೂನ್ 24, ಸೋಮವಾರ

ವರದಿ ಕಳಿಸಿದೆ. ಮೈಸೂರಿನಿಂದ ಪ್ರಭುಸ್ವಾಮಿ ಸರ್ ಫೋನ್ ಮಾಡಿ, “ಆಶಾರಾಣಿ, ಬಹಳ ಕ್ಲೀನಾಗಿದೆ” ಅಂದರು. ಸಂತೋಷವಾಯಿತು. ಊಟ ಸೇರಲಿಲ್ಲ.

ಆಗಸ್ಟ್ 6, ಮಂಗಳವಾರ

ಬಸ್ಸು ಕಳೆದ ವಾರ ನಿಂತಿತು. ಇಷ್ಟು ಬೇಗ ನಿಲ್ಲಿಸುತ್ತಾರೆಂದು ಎಣಿಸಿರಲಿಲ್ಲ. ಬೇರೆ ಕೆಲಸಕ್ಕೆಲ್ಲ ವರ್ಷಗಟ್ಟಲೆ ತಗೊಳ್ಳುವ ಜನ, ತೆಗೆಯುವುದೆಂದರೆ ಮಾತ್ರ ಎಲ್ಲಿಲ್ಲದ ಚುರುಕು.

ಅಕ್ಕ ಬಂದಾಗ ಬೆಳಗಿನ ಸರದಿ ಮುಗಿದಿತ್ತು. ಮಧ್ಯಾಹ್ನದ ಸರದಿ ತುಂಬಿದೆ, ಆದರೂ ಹೇಗೋ ಹೊಂದಿಸಿದರು. ಮುಗಿದಾಗ ಕತ್ತಲಾಗಿತ್ತು. ನನ್ನ ಕೋಣೆಯಲ್ಲಿ ಮಲಗು ಅಂದರೆ ಕೇಳಲಿಲ್ಲ.

“ಉಳ ಜ್ವರಕ್ಕೆ ಕುಂತವೆ, ಎದ್ದೇಟ್ಗೆ ಸೊಪ್ಪಾಕ್ಬೇಕು. ನಮ್ಮತ್ತೆ ಕೈಲಿ ಆಗಲ್ಲ, ದೀಪ ಪರೀಕ್ಸೆ ಅಂತದೆ” ಅಂದಳು. ದೀಪ ಅವಳ ಮಗಳು. ರೇಷ್ಮೆ ಹುಳು ಪೊರೆ ಬಿಡಲು ನಿದ್ದೆಗೆ ಕೂತರೆ ಇವರು ಜ್ವರ ಅನ್ನುತ್ತಾರೆ. ಅಕ್ಕನಿಗೆ ಅವುಗಳ ಜ್ವರದ ಚಿಂತೆ, ತನ್ನದಲ್ಲ.

ನಿಲ್ದಾಣದವರೆಗೆ ಹೋಗಿ ಹತ್ತಿಸಿದೆ. ಮುಖ ಊದಿತ್ತು.

ಆಗಸ್ಟ್ 13, ಮಂಗಳವಾರ

ಈಗ ಮಾದೇಶ ಭಾವ ಬೆಳಗಿನ ಜಾವವೇ ಅವಳನ್ನು ಬೈಕಿನಲ್ಲಿ, ಬೇಗ ಬಸ್ಸು ಸಿಗುವ ಹನೂರಿನವರೆಗೆ ತಂದು ಬಿಡುತ್ತಾನೆ. ಬೆಳಗಿನ ಸರದಿ ತಪ್ಪಬಾರದೆಂದು. ನಡುವೆ ಕಾಡಂಚಿನ ದಾರಿ.

ಇವತ್ತು ಅವರು ಬರಲಿಲ್ಲ. ದಾರಿಯಲ್ಲಿ ಆನೆ ನಿಂತಿತ್ತಂತೆ. ಬೈಕು ತಿರುಗಿಸುವಾಗ ಇಬ್ಬರೂ ಬಿದ್ದಿದ್ದಾರೆ. ಭಾವನ ಮೊಣಕಾಲು ತರಚಿದೆ.

“ಏನಾಗಿಲ್ಲ ಕಣವ್ವ, ಬೆಟ್ಟದ ಮಾದಪ್ಪ ಕಾದ” ಅಂದ ಫೋನಿನಲ್ಲಿ. ಅಕ್ಕನಿಗೆ ಕೊಡು ಅಂದರೆ ಮಲಗವಳೆ ಅಂದ.

ಇಡೀ ದಿನ ಆ ಖಾಲಿ ಬಸ್ಸನ್ನು ಪರದೆಯ ಮೇಲೆ ಓಡಿಸಿ ನೋಡುತ್ತ ಕೂತೆ. ಒಬ್ಬರೂ ಇಲ್ಲ. ಒಬ್ಬರಾದರೂ ಇರಬೇಡವೇ? ಹುಣಸೆದೊಡ್ಡಿಯವರು ಗೂಡು ಮಾರಲು, ಆಸ್ಪತ್ರೆಗೆ, ಕೋರ್ಟಿಗೆ ಎಲ್ಲಿಗೂ ಹೋಗುವುದಿಲ್ಲವೇ? ಇದನ್ನು ನಾನು ಜೂನ್ ತಿಂಗಳಲ್ಲಿ ಯಾಕೆ ಕೇಳಿಕೊಳ್ಳಲಿಲ್ಲ?

ಆಗಸ್ಟ್ 25, ಭಾನುವಾರ

ನಿನ್ನೆ ಹುಣಸೆದೊಡ್ಡಿಗೆ ಹೋಗಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಬೆಳಿಗ್ಗೆ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಪಕ್ಕದ ಮನೆಯ ಪುಟ್ಟಸಿದ್ದಯ್ಯ ಹೆಗಲ ಮೇಲೆ ಟವಲು, ಕೈಯಲ್ಲಿ ಚೀಲ ಹಿಡಿದು ಹೊರಟ. ಸುಮ್ಮನಿರಲಾರದೆ ಕೇಳಿದೆ: “ಎಲ್ಲಿಗಣ್ಣ?”

“ಇಲ್ಲೇ ಕಣವ್ವ” ಅಂದ. ಮುಖ ಸಪ್ಪಗಾಯಿತು. ಎರಡು ಹೆಜ್ಜೆ ಹೋದವನು ನಿಂತು, ವಾಪಸ್ ಮನೆಯೊಳಗೆ ಹೋದ. ಚೊಂಬಿನಲ್ಲಿ ನೀರು ಕುಡಿದು, ಹೊಸಲಿನ ಮೇಲೆ ಒಂದಿಷ್ಟು ಹೊತ್ತು ಕೂತು, ಮತ್ತೆ ಎದ್ದು ಹೋದ. ನನ್ನ ಕಡೆ ನೋಡಲಿಲ್ಲ.

ಅಕ್ಕ ಒಳಗಿನಿಂದಲೇ ಗದರಿದಳು. “ಓಗೋರ್ನ ಎಲ್ಲಿಗೆ ಅಂತ ಕೇಳ್ಬ್ಯಾಡ ಅಂತ ಅವ್ವ ಎಷ್ಟ್ ಸಲ ಏಳಿಲ್ಲ? ಅವ್ನು ಮಗಳಿಗೆ ಗಂಡು ನೋಡಕೆ ಕೊಳ್ಳೇಗಾಲಕ್ಕೆ ಒಂಟವ್ನೆ. ಓದೋಳು ಓದೋಳು ಅಂತ ಓದಿಸಿ ಇದಾ ಕಲ್ತಿದ್ದು?”

“ಮತ್ತೆ ಇಲ್ಲೇ ಅಂದನಲ್ಲಕ್ಕ?”

“ಇನ್ನೇನಂದಾನು? ಯಾರ್ ಕೇಳಿದ್ರೂ ಇಲ್ಲೇ ಅನ್ನದಪ್ಪ. ಆವತ್ತು ಬೇಸ್ಗೇಲೂ ಒಂದುಡ್ಗಿ ಪಲಕ ಇಡ್ಕಂಡು ಮರದ್ ತಾವು ನಿಂತಿತ್ತು. ಬಸ್ಗೆ ನಿಂತೋರ್ನೆಲ್ಲ ಎಲ್ಲಿಗೆ, ಎಲ್ಲಿಗೆ ಅಂತ. ಒತ್ತಾರೆನೇ ಇದೇನ್ ಸನಿ ಬಂತು ಅಂದ್ಕಂಡು ಎಲ್ರೂ ಇಲ್ಲೇ, ಇಲ್ಲೇ ಅಂದ್ವಿ.”

“ನೀನೂ?”

“ಊಂ. ಆಸ್ಪತ್ರೆಗೆ ಅಂತ ಬಾಯ್ಬುಟ್ಟು ಏಳಿ, ಅಲ್ಲೇ ಉಳ್ಕಂಡ್ಬುಟ್ರೆ?” ಎಂದು ನಕ್ಕಳು. ಆಮೇಲೆ, “ಯಾಕಮ್ಮಿ, ಇಂಗ್ ನೋಡ್ತೀಯ?” ಅಂದಳು.

“ಬಸ್ಸಲ್ಲಿ ಜನ ಇರ್ತಿದ್ರಾ ಅಕ್ಕ?”

“ರಾಮಾಪುರ್ದ ತಾವ ಕಾಲಿಡಕೆ ಜಾಗ ಇರ್ತಿರ್ಲಿಲ್ಲ. ನನ್ ಮಕ ನೋಡಿ ಯಾರಾರಾ ಎದ್ದು ಸೀಟ್ ಬುಡೋರು.”

ನನಗೆ ಈ ರೂಢಿ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಯಳಂದೂರಿನಲ್ಲಿ ಅಪ್ಪ ಹೊರಟಾಗ ಎಲ್ಲಿಗೆ ಎಂದು ಕೇಳಿ ಅವ್ವನಿಂದ ಬಾಯಿ ಮೇಲೆ ಬಡಿಸಿಕೊಂಡಿದ್ದೇನೆ. ಆದರೂ ಪ್ರಶ್ನೆ ಬರೆಯುವಾಗ ಒಮ್ಮೆಯಾದರೂ ನೆನಪಿಗೆ ಬರಲಿಲ್ಲ. ಎಲ್ಲಿಗೆ? ಇಲ್ಲೇ. ಮೈಸೂರಿನ ಹುಡುಗಿಯರು ‘ಸ್ವಂತ ಊರಿನೊಳಗೆ’ ಎಂದು ಒತ್ತಿಕೊಂಡು ಬಂದರು. ನಾನು ಊರೊಳಗೇ ಸುತ್ತಿಸಿದೆ.

ಅಕ್ಕನಿಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಹೇಳಲಾಗಲಿಲ್ಲ. ಹೇಡಿ ನಾನು.

ಆಗಸ್ಟ್ 26, ಸೋಮವಾರ

‘ಇಲ್ಲೇ’ ಅಂದವರಲ್ಲಿ ಬಸ್ಸಿಗೆ ನಿಂತವರನ್ನೆಲ್ಲ ಕೊಳ್ಳೇಗಾಲಕ್ಕೆ ಕಳಿಸಿ ಮತ್ತೆ ಓಡಿಸಿದೆ. ಹುಣಸೆದೊಡ್ಡಿಯ ಬಸ್ಸು ತುಂಬಿ, ರಾಮಾಪುರದಲ್ಲಿ ಜನ ಹತ್ತಲಾರದೆ ಉಳಿದರು. ಹಾಗೆ ಉಳಿದು ಹೋದವರನ್ನು ಒಂದು ಹೊತ್ತಿನ ಮೇಲೆ ನನ್ನ ಪ್ರೋಗ್ರಾಂ ತೆಗೆದುಹಾಕುತ್ತದೆ, ಇಲ್ಲದಿದ್ದರೆ ಲೆಕ್ಕ ಮುಂದೆ ಸಾಗುವುದಿಲ್ಲ. ಇಷ್ಟು ದಿನ ಅದೊಂದು ಜಾಣತನವೆಂದುಕೊಂಡಿದ್ದೆ.

ಪ್ರಭುಸ್ವಾಮಿ ಸರ್‌ಗೆ ಎಲ್ಲ ಹೇಳಿದೆ. ಬೈದರೆ ಚೆನ್ನಾಗಿತ್ತು, ಬೈಯಲಿಲ್ಲ.

“ನಿಮ್ಮ ಊಹೆ ಸರಿ ಇರಬಹುದಮ್ಮ. ಆದರೆ ಊಹೆ ಮೇಲೆ ಬಸ್ಸು ವಾಪಸ್ ಕೊಡಿ ಅಂತ ಬರೆಯೋಕಾಗಲ್ಲ. ಹೊಸ ಸರ್ವೆ ಆಗಬೇಕು.”

“ಯಾವಾಗ ಸರ್?”

“ಕೇಳಿ ನೋಡ್ತೀನಿ.”

ಪರ್ಮಿಟ್ಟಿನ ಆಫೀಸಿಗೂ ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಬಸ್ಸಿನ ಮಾಲೀಕನ ಹತ್ತಿರ ಹೋದರೆ, ಆ ಗಾಡಿಯನ್ನು ಬೆಟ್ಟದ ರೂಟಿಗೆ ಹಾಕಿಬಿಟ್ಟೆ ಮೇಡಂ ಅಂದ.

ಸೆಪ್ಟೆಂಬರ್ 3, ಮಂಗಳವಾರ

ಅಕ್ಕನನ್ನು ಹಟ ಮಾಡಿ ನನ್ನ ಕೋಣೆಯಲ್ಲೇ ಉಳಿಸಿಕೊಂಡಿದ್ದೇನೆ. ಇಲ್ಲಿಂದ ಆಸ್ಪತ್ರೆ ನಾಲ್ಕು ಹೆಜ್ಜೆ. ಎರಡೇ ಸರದಿಗೆ ಮುಖದ ಊತ ಇಳಿಯಿತು. ಗೋವಿಂದಮ್ಮನೂ ಅವಳೂ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ನನ್ನ ಮದುವೆಯ ಮಾತಾಡುತ್ತಾರೆ. ನಾನು ಕಿವಿಗೆ ಇಯರ್ ಫೋನು ಹಾಕಿಕೊಂಡು, ಹಾಡು ಹಾಕದೆ ಕೇಳಿಸಿಕೊಳ್ಳುತ್ತೇನೆ.

ಅಕ್ಕ ಪರದೆಯ ಮುಂದೆ ಕೂತು, “ಇದ್ರಲ್ಲಿ ನಾನೆಲ್ಲಿವ್ನಿ ತೋರ್ಸು” ಅಂದಳು. ಒಂದು ಚುಕ್ಕಿ ತೋರಿಸಿದೆ. “ಒಸಿ ಬೆಳ್ಳಗ್ ಮಾಡು” ಅಂದಳು. ನಕ್ಕೆವು. ಎಷ್ಟು ಕಾಲವಾಗಿತ್ತು ಹೀಗೆ ನಕ್ಕು.

ಸೆಪ್ಟೆಂಬರ್ 14, ಶನಿವಾರ

ಹೋದಳು. ಹುಳು ಹಣ್ಣಾಗಿವೆಯಂತೆ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು. ಅತ್ತೆಗೆ ಕಣ್ಣು ಕಾಣುವುದಿಲ್ಲ.

“ನಿನ್ ರೂಮ್ನಲ್ಲಿ ಕುಂತು ಗ್ವಾಡೆ ನೋಡಿ ನೋಡಿ ಸಾಕಾಯ್ತು ಕಣಮ್ಮಿ. ಬುಡು, ಉಳ ಬುಟ್ಟು ಬತ್ತೀನಿ.”

ಸೆಪ್ಟೆಂಬರ್ 17, ಮಂಗಳವಾರ

ಬರಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಬರಲಿಲ್ಲ. ಹುಳು ಬಿಟ್ಟಾಗಿ ಆಗಲೇ ಬಹಳ ದಿನವಾಗಿರಬೇಕು.

ಸೆಪ್ಟೆಂಬರ್ 22, ಭಾನುವಾರ

ಹುಣಸೆದೊಡ್ಡಿಗೆ ಹೋಗಿ ಬಂದೆ. ಅಕ್ಕ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಾಲು ಊದಿ ಕಾಲುಂಗುರ ತೆಗೆದಿಟ್ಟಿದ್ದಾಳೆ. ಉಸಿರಿಗೆ ನಡುವೆ ನಡುವೆ ನಿಲ್ಲಬೇಕು. ಇನ್ನು ಬರುವುದಿಲ್ಲ ಎಂದಳು, ಸಂತೆಗೆ ಬರುವುದಿಲ್ಲ ಎನ್ನುವಷ್ಟೇ ಸಲೀಸಾಗಿ.

ನಾನು ಕೂಗಾಡಿದೆ. ಆಮೇಲೆ ಅಳತೊಡಗಿದೆ. ಕೊನೆಗೆ ಹೇಳಿಬಿಟ್ಟೆ: “ಬಸ್ಸು ತೆಗೆಸಿದ್ದು ನಾನಕ್ಕ. ಆ ಹುಡುಗಿ ಕೈಗೆ ಪ್ರಶ್ನೆ ಕೊಟ್ಟವಳು ನಾನು. ಬಸ್ಸು ಖಾಲಿ ಅಂತ ಬರೆದವಳೂ ನಾನು.”

“ಗೊತ್ತು” ಅಂದಳು. “ಕಂಡಕ್ಟರ್ ನಟರಾಜು ಆವತ್ತೇ ಏಳ್ದ. ನಿಮ್ ತಂಗಿ ಆಪೀಸ್ನವ್ರೇ ಬರ್ಕೊಟ್ಟವ್ರೆ ಅಂತ.”

“ಮತ್ತೆ ಯಾಕೆ ಬೈಲಿಲ್ಲ?”

“ಬೈದ್ರೆ ಬಸ್ ಬತ್ತದಾ? ನೀ ಆಟೊತ್ಗೇ ಅರ್ದ ಇಳ್ದೋಗಿದ್ದೆ.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. “ನೋಡಮ್ಮಿ, ಬಸ್ಸಿದ್ದಾಗ ಯಾರ್ಗೂ ಬಾರ ಆಯ್ತಿರ್ಲಿಲ್ಲ ನಾನು. ಎದ್ದು ಓಯ್ತಿದ್ದೆ, ಬತ್ತಿದ್ದೆ. ಈಗ ವಾರಕ್ಕೆರಡು ಸಲ ನಿಮ್ ಭಾವನ್ನ ಆನೆ ಬಾಯಿಗೆ ತಳ್ಬೇಕು. ಅವ್ರಿಗೇನಾರಾ ಆದ್ರೆ ದೀಪನ್ ಗತಿ ಏನು? ಎಂಗೂ ವಾಸಿ ಆಗದಲ್ಲ ಇದು. ಸಾಕು.”

ಕಾರು ಗೊತ್ತು ಮಾಡುತ್ತೇನೆ ಅಂದೆ. “ಎಷ್ಟ್ ವರ್ಸ ಮಾಡ್ತೀಯ?” ಅಂದಳು.

ನನ್ನ ಪ್ರೋಗ್ರಾಮಿನಲ್ಲಿ ಇದೂ ಇದೆ. ದಾರಿ ತೀರ ಕಷ್ಟವಾದರೆ ಏಜೆಂಟು ಹೊರಡುವುದನ್ನೇ ಬಿಡುತ್ತದೆ. ವರದಿಯಲ್ಲಿ ಅದಕ್ಕೆ ‘ಬೇಡಿಕೆ ತಗ್ಗಿದೆ’ ಎಂದು ಬರೆಯುತ್ತೇವೆ.

ಸೆಪ್ಟೆಂಬರ್ 27, ಶುಕ್ರವಾರ

ಹನೂರಿನಿಂದ ಕಾರು ಕಳಿಸಿದ್ದೆ. ಡ್ರೈವರ್ ಫೋನ್ ಮಾಡಿದ: “ಬರಲ್ಲ ಅಂತವ್ರೆ ಮೇಡಂ. ಕಾಪಿ ಕೊಟ್ಟು ಕಳ್ಸುದ್ರು.”

ಮಧ್ಯಾಹ್ನ ಪ್ರಭುಸ್ವಾಮಿ ಸರ್ ಫೋನು. ಹೊಸ ಸರ್ವೆಗೆ ಒಪ್ಪಿಗೆ ಸಿಕ್ಕಿದೆ, ಸೋಮವಾರವೇ ಶುರು. ಹೊರಟವರನ್ನು ಕೇಳಬಾರದು, ಇಳಿದವರನ್ನು ‘ಎಲ್ಲಿಂದ ಬಂದ್ರಿ’ ಎಂದು ಕೇಳಬೇಕು ಎಂದು ಬರೆದು ಕಳಿಸಿದೆ. ಬಂದವರನ್ನು ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಅಕ್ಕನಿಗೆ ಹೇಳೋಣವೆಂದು ಫೋನ್ ಮಾಡಿದೆ. ಭಾವ ಅವಳ ಕಿವಿಗೆ ಹಿಡಿದ. ಬಸ್ಸು ವಾಪಸ್ ಬರುತ್ತದಕ್ಕ ಅಂದೆ. ಊಂ ಅಂದಳು. ಅಷ್ಟೇ.

ಸೆಪ್ಟೆಂಬರ್ 30, ಸೋಮವಾರ. ಹನೂರು ನಿಲ್ದಾಣ

ರಾಮಾಪುರದ ಗಾಡಿಗೆ ಕಾಯುತ್ತ ಬರೆಯುತ್ತಿದ್ದೇನೆ. ಬರೆಯದಿದ್ದರೆ ಇಲ್ಲೇ ಎಲ್ಲರ ಮುಂದೆ ಅತ್ತುಬಿಡುತ್ತೇನೆ.

ಬೆಳಿಗ್ಗೆ ಭಾವ ಫೋನ್ ಮಾಡಿ, “ಒಸಿ ಸೀರಿಯಸ್ಸು ಕಣವ್ವ, ಬಂದೋಗು” ಅಂದ. ಹಿಂದೆ ಹೆಂಗಸರ ದನಿ ಕೇಳುತ್ತಿತ್ತು. ನಮ್ಮ ಕಡೆ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಸೀರಿಯಸ್ಸು ಅನ್ನುತ್ತಾರೆ, ದಾರಿಯಲ್ಲಿ ಎದೆ ಒಡೆಯಬಾರದೆಂದು. ಅದು ಗೊತ್ತಿದ್ದೂ, ಇರಬಹುದು, ಇನ್ನೂ ಇರಬಹುದು ಅಂದುಕೊಂಡೇ ಸೀರೆ ಮಡಚಿ ಚೀಲಕ್ಕೆ ಹಾಕಿದೆ.

ಗೋವಿಂದಮ್ಮ ಚೀಲ ನೋಡಿದರು, ಏನೂ ಕೇಳಲಿಲ್ಲ. ಒಂದು ಲೋಟ ನೀರು ಕೊಟ್ಟು, “ಓಗ್ಬುಟ್ಟು ಬಾವ್ವ” ಅಂದರು.

ಕೊಳ್ಳೇಗಾಲದ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ನಿಂತಿದ್ದಾಗ ಒಬ್ಬ ಹುಡುಗಿ ಹತ್ತಿರ ಬಂದಳು. ಕೈಯಲ್ಲಿ ಟ್ಯಾಬು, ಕೊರಳಲ್ಲಿ ನಮ್ಮ ಆಫೀಸಿನ ಕಾರ್ಡು, ಅದರ ಮೇಲೆ ರಮ್ಯ ಎಂದಿತ್ತು. ಹೊಸಬಳು, ನನ್ನನ್ನು ಕಂಡವಳಲ್ಲ. ನಾನು ಬರೆದು ಕಳಿಸಿದ ಹೊಸ ಪ್ರಶ್ನೆ ಅವಳ ಟ್ಯಾಬಿಗೆ ತಲುಪಿರಲಿಲ್ಲ.

“ನಮಸ್ತೆ ಮೇಡಂ. ಒಂದು ಸರ್ವೆ. ಎಲ್ಲಿಗೆ ಹೋಗ್ತಿದ್ದೀರಾ?”

“ಇಲ್ಲೇ” ಅಂದೆ.

ಅವಳು ಒತ್ತಿಕೊಂಡಳು. ನನಗೆ ಕಾಣಿಸಿತು, ಯಾವುದನ್ನು ಒತ್ತಿದಳೆಂದು. ಅಲ್ಲ ಕಣಮ್ಮ, ಹುಣಸೆದೊಡ್ಡಿ ಎಂದು ಹಾಕು ಅನ್ನಬೇಕಿತ್ತು. ಇಷ್ಟು ದಿನ ಬಡಿದಾಡಿದ್ದು ಆ ಒಂದು ಒತ್ತಿಗಾಗಿಯೇ. ಆದರೆ ಹುಣಸೆದೊಡ್ಡಿ ಅಂದರೆ, ಯಾತಕ್ಕೆ ಎಂದು ಕೇಳುತ್ತಿದ್ದಳು. ಅದು ಎರಡನೇ ಪ್ರಶ್ನೆ, ನಾನೇ ಬರೆದದ್ದು. ಅದಕ್ಕೆ ಉತ್ತರ ಹೇಳಿದರೆ ಅದು ನಿಜವಾಗಿಬಿಡುತ್ತಿತ್ತು.

“ಥ್ಯಾಂಕ್ಸ್ ಮೇಡಂ” ಎಂದು ಅವಳು ಪಕ್ಕದವರ ಹತ್ತಿರ ಹೋದಳು. ಅವರೂ ಇಲ್ಲೇ ಅಂದರು.

ರಾಮಾಪುರದ ಗಾಡಿ ಬಂತು.